ಕಾಲಿಗಿಂತ ಮೊದಲು ದಣಿಯುವ ತಲೆ

ವಿಜಯಪುರದಿಂದ ಸೋಲಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಬೆಳಗಿನ ಐದೂವರೆಗೆ ನಿಂತರೆ, ಲಾರಿಗಳ ಸಾಲಿನ ಪಕ್ಕದಲ್ಲಿ ಒಬ್ಬರ ಹಿಂದಿನ ಗಾಲಿಗೆ ಇನ್ನೊಬ್ಬರ ಮುಂದಿನ ಗಾಲಿ ತಾಗಿತೇನೋ ಎನ್ನುವಷ್ಟು ಹತ್ತಿರದಲ್ಲಿ ಸಾಗುವ ಸೈಕಲ್ ಹುಡುಗರು ಕಾಣಸಿಗುತ್ತಾರೆ. ವಿಜಯಪುರ, ಬಾಗಲಕೋಟೆ ಮತ್ತು ಬೆಳಗಾವಿ ಜಿಲ್ಲೆಯ ಚಂದರಗಿಯ ಕ್ರೀಡಾ ಶಾಲೆ, ಇವಿಷ್ಟು ಸೇರಿದರೆ ಕರ್ನಾಟಕದ ಸೈಕ್ಲಿಂಗಿನ ಬಹುಪಾಲು ಸೇರಿದಂತೆಯೇ. ಇಲ್ಲಿ ಸೈಕಲ್ ಏರಿದವರಲ್ಲಿ ಹೆಚ್ಚಿನವರು ಒಕ್ಕಲುತನದ ಮನೆಯ ಮಕ್ಕಳು. ಬಿಸಿಲು, ಎದುರುಗಾಳಿ, ಜೋಳದ ರೊಟ್ಟಿ ಇವರಿಗೆ ಹೊಸದಲ್ಲ. ಹೊಸದೆಂದರೆ ಜೆರ್ಸಿಯ ಹಿಂದಿನ ಜೇಬಿನಲ್ಲಿರುವ ಮೊಬೈಲು.

ಒಂದು ಟೈಮ್ ಟ್ರಯಲ್ ಸ್ಪರ್ಧೆಯನ್ನು ನೋಡಲು ಹೋಗಿದ್ದೆ. ಗುಂಪಾಗಿ ಓಡಿಸದೆ, ಒಬ್ಬೊಬ್ಬರನ್ನೇ ನಿಮಿಷದ ಅಂತರದಲ್ಲಿ ಬಿಟ್ಟು, ಗಡಿಯಾರದ ಎದುರು ಓಡಿಸುವ ಸ್ಪರ್ಧೆ ಅದು. ತನ್ನ ಸರದಿಗೆ ಇನ್ನೂ ಮುಕ್ಕಾಲು ಗಂಟೆ ಇದ್ದ ಹದಿನಾರರ ಹುಡುಗನೊಬ್ಬ ಬೇವಿನ ಗಿಡದ ಬುಡದಲ್ಲಿ ಹೆಲ್ಮೆಟ್ ಮೇಲೆ ಕುಳಿತು, ಹೆಬ್ಬೆರಳಿನಿಂದ ಪರದೆಯನ್ನು ಮೇಲಕ್ಕೆ ತಳ್ಳುತ್ತಲೇ ಇದ್ದ. ಹಿಂದಿನ ದಿನ ತಾನು ಹಾಕಿದ್ದ ವಿಡಿಯೋಗೆ ಎಷ್ಟು ಲೈಕ್ ಬಂದಿವೆ ಎಂದು ನಡುನಡುವೆ ನೋಡಿಕೊಳ್ಳುತ್ತಿದ್ದ. ಸರದಿ ಬಂದಾಗ ಚೆನ್ನಾಗಿಯೇ ಹೊರಟ. ತಿರುವಿನವರೆಗೆ ಅವನ ಸಮಯ ಮೊದಲ ಮೂವರ ಸಾಲಿನಲ್ಲಿತ್ತು. ಮರಳಿ ಬರುವ ಅರ್ಧದಲ್ಲಿ ಕುಸಿದ. ಅವನಪ್ಪ ಎಲ್ಲರೂ ಹೇಳುವ ಮಾತನ್ನೇ ಹೇಳಿದರು: “ಈ ಮೊಬೈಲ ನಮ್ಮ ಹುಡುಗನ್ನ ಹಾಳ ಮಾಡೇತ್ರಿ.” ತರಬೇತುದಾರರು ಹೇಳಿದ್ದು ಬೇರೆ: “ಕಾಲಾಗ ಇನ್ನೂ ಇತ್ತರಿ, ತೆಲಿ ಬಿಟ್ಟುಕೊಟ್ತು.”

ಎರಡೂ ಮಾತು ಒಂದೇ ಎಂದು ಮೇಲ್ನೋಟಕ್ಕೆ ಅನ್ನಿಸಬಹುದು. ಮೊದಲನೆಯದು ಹಾಳಾದ ಸಮಯದ ಬಗ್ಗೆ, ನಡತೆಯ ಬಗ್ಗೆ ದೂರುತ್ತದೆ. ಆದರೆ ಆ ಹುಡುಗ ಒಂದು ದಿನವೂ ತಾಲೀಮು ತಪ್ಪಿಸಿದವನಲ್ಲ. ಎರಡನೆಯದು ದೇಹ ಮತ್ತು ಮನಸ್ಸಿನ ನಡುವೆ ನಡೆಯುವ ಒಂದು ಲೆಕ್ಕಾಚಾರದ ಕಡೆಗೆ ಬೆರಳು ಮಾಡುತ್ತದೆ. ಸಾಮಾಜಿಕ ಮಾಧ್ಯಮದ ಅತಿಬಳಕೆಯಿಂದ ಎಳೆಯ ಕ್ರೀಡಾಪಟುವಿಗೆ ಏನಾಗುತ್ತದೆ ಎಂಬುದನ್ನು ತಿಳಿಯಬೇಕಾದರೆ ಹಿಡಿಯಬೇಕಾದ ಎಳೆ ಇದೇ.

ಕ್ರೀಡಾಪಟು ದಣಿದು ನಿಲ್ಲುವುದು ಸ್ನಾಯುವಿನ ಇಂಧನ ಮುಗಿದಾಗ ಎಂಬುದು ನಮ್ಮ ಸಾಮಾನ್ಯ ನಂಬಿಕೆ. ಹಲವು ಸಲ ಹಾಗಾಗುವುದಿಲ್ಲ. ‘ಇನ್ನು ಆಗುವುದಿಲ್ಲ’ ಎಂದು ಮಿದುಳು ತೀರ್ಪು ಕೊಡುತ್ತದೆ. ಆ ತೀರ್ಪು ಬರುವ ಹೊತ್ತಿಗೆ ಸ್ನಾಯುವಿನಲ್ಲಿ ಇನ್ನೂ ಸ್ವಲ್ಪ ಕಸುವು ಉಳಿದಿರುತ್ತದೆ. ಈ ತೀರ್ಪನ್ನು ತಲೆಯ ದಣಿವು ಎಷ್ಟು ಬೇಗ ತರಬಲ್ಲದು ಎಂದು ವೇಲ್ಸ್‌ನ ಬ್ಯಾಂಗರ್ ವಿಶ್ವವಿದ್ಯಾಲಯದಲ್ಲಿದ್ದ ಸ್ಯಾಮುಯೆಲೆ ಮಾರ್ಕೋರಾ ಮತ್ತು ಸಂಗಡಿಗರು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. 16 ಜನರನ್ನು ಒಂದು ದಿನ 90 ನಿಮಿಷ ಕಂಪ್ಯೂಟರಿನ ಮುಂದೆ ಕೂಡಿಸಿ, ಪರದೆಯ ಮೇಲೆ ಸರಿಯುವ ಅಕ್ಷರಗಳಿಗೆ ಎಚ್ಚರ ತಪ್ಪದೆ ಗುಂಡಿ ಒತ್ತುವ ಕೆಲಸ ಕೊಟ್ಟರು. ಇನ್ನೊಂದು ದಿನ ಅಷ್ಟೇ ಹೊತ್ತು ರೈಲು, ಕಾರುಗಳ ಕುರಿತ ಸಾಕ್ಷ್ಯಚಿತ್ರ ತೋರಿಸಿದರು. ಎರಡೂ ದಿನ ಆಮೇಲೆ ಸ್ಥಿರ ಸೈಕಲ್ ಹತ್ತಿಸಿ, ಅವರವರ ಗರಿಷ್ಠ ಸಾಮರ್ಥ್ಯದ ಶೇ 80ರ ಭಾರದಲ್ಲಿ ಸಾಕೆನ್ನುವವರೆಗೆ ತುಳಿಸಿದರು. ಸಾಕ್ಷ್ಯಚಿತ್ರ ನೋಡಿದ ದಿನ ಸರಾಸರಿ 754 ಸೆಕೆಂಡು ತುಳಿದವರು, ತಲೆ ದಣಿದ ದಿನ 640 ಸೆಕೆಂಡಿಗೇ ಕೈಬಿಟ್ಟರು.

ಈ ಪ್ರಯೋಗದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿಗಳು ಎರಡು. ತಲೆ ದಣಿದಿದ್ದರೂ ಹೃದಯದ ಬಡಿತ, ಆಮ್ಲಜನಕದ ಬಳಕೆ, ಸ್ನಾಯು ಜೋರಾಗಿ ದುಡಿದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್, ಇವು ಯಾವುವೂ ಮೊದಲೇ ಕೈಕೊಟ್ಟಿರಲಿಲ್ಲ. ಆದರೆ ತುಳಿಯುವ ಶ್ರಮ ಮೊದಲ ನಿಮಿಷಗಳಿಂದಲೇ ಹೆಚ್ಚು ಭಾರವಾಗಿ ತೋರಿತ್ತು. ಅದೇ ಕಾಲು, ಅದೇ ಉಸಿರು, ಅದೇ ಭಾರ, ಆದರೆ ಹೊತ್ತವನಿಗೆ ಚೀಲ ತುಸು ತೂಕವೆನ್ನಿಸಿತು. ಆದ್ದರಿಂದ ತಾಳಿಕೊಳ್ಳುವ ಮಿತಿಯನ್ನು ಬೇಗ ಮುಟ್ಟಿದ. ಇನ್ನೊಂದು ಸಂಗತಿಯನ್ನು ಹಿರಿಯರು ಗಮನಿಸಬೇಕು: ಎರಡೂ ದಿನ ಅವರು ನೋಡಿದ್ದು ಪರದೆಯನ್ನೇ. ಪರದೆ ನೋಡುವುದೇ ದೋಷವಾಗಿದ್ದರೆ ಎರಡೂ ದಿನದ ಫಲ ಒಂದೇ ಆಗಬೇಕಿತ್ತು. ದಣಿಸಿದ್ದು ಪರದೆಯ ಬೆಳಕಲ್ಲ, ಬಿಡುವಿಲ್ಲದೆ ಗಮನ ಕೊಡುವ, ಆಯ್ದುಕೊಳ್ಳುವ, ತಡೆದುಕೊಳ್ಳುವ ಕೆಲಸ.

ರೀಲ್ಸ್ ನೋಡುವುದನ್ನು ನಾವು ವಿಶ್ರಾಂತಿ ಎಂದುಕೊಂಡಿದ್ದೇವೆ. ಆ ಹುಡುಗನ ಹೆಬ್ಬೆರಳನ್ನು ಐದು ನಿಮಿಷ ಗಮನಿಸಿದರೆ ಅದು ವಿಶ್ರಾಂತಿಯಲ್ಲ ಎಂದು ತಿಳಿಯುತ್ತದೆ. ಪ್ರತಿ ಹತ್ತು ಹದಿನೈದು ಸೆಕೆಂಡಿಗೊಮ್ಮೆ ಇದನ್ನು ನೋಡಲೋ, ತಳ್ಳಲೋ ಎಂಬ ನಿರ್ಧಾರ; ಒಂದರಲ್ಲಿ ನಗು, ಮುಂದಿನದರಲ್ಲಿ ಅಪಘಾತ, ಅದರ ಮುಂದಿನದರಲ್ಲಿ ತನ್ನದೇ ವಯಸ್ಸಿನ ಮತ್ತೊಬ್ಬ ಸೈಕ್ಲಿಸ್ಟಿನ ಹೊಸ ಕಾರ್ಬನ್ ಸೈಕಲ್; ನಡುವೆ ಬಂದ ಸಂದೇಶಕ್ಕೆ ಉತ್ತರಿಸಲೋ ಬೇಡವೋ ಎಂಬ ತೂಗಾಟ. ಪ್ರಯೋಗಾಲಯದ ಅಕ್ಷರಗಳ ಕೆಲಸ ಬೇಸರ ತರಿಸುತ್ತಿತ್ತು. ಇದು ಬೇಸರವನ್ನೂ ತರಿಸದೆ ದಣಿಸುತ್ತದೆ; ದಣಿದದ್ದು ದಣಿದವನಿಗೇ ಗೊತ್ತಾಗುವುದಿಲ್ಲ.

ಇದನ್ನು ನೇರವಾಗಿ ಕ್ರೀಡಾಪಟುಗಳ ಮೇಲೆಯೇ ನೋಡಿದವರು ಬ್ರೆಜಿಲ್‌ನ ಲಿಯೊನಾರ್ಡೊ ಫೋರ್ಟೆಸ್ ಮತ್ತು ಅವರ ತಂಡ. ವೃತ್ತಿಪರ ಫುಟ್‌ಬಾಲ್ ಆಟಗಾರರಿಗೆ ಆಟಕ್ಕೆ ಮೊದಲು ಸಾಮಾಜಿಕ ಜಾಲತಾಣಗಳನ್ನು ಬೇರೆಬೇರೆ ಅವಧಿಗೆ ಬಳಸಲು ಕೊಟ್ಟು, ಮೈದಾನದಲ್ಲಿ ಚೆಂಡನ್ನು ಯಾರಿಗೆ ದಾಟಿಸಬೇಕೆಂಬ ಅವರ ನಿರ್ಧಾರಗಳನ್ನು ಅಳೆದರು. 15 ನಿಮಿಷ ಬಳಸಿದವರಲ್ಲಿ ವ್ಯತ್ಯಾಸ ಕಾಣಲಿಲ್ಲ. 30 ಮತ್ತು 45 ನಿಮಿಷ ಬಳಸಿದಾಗ ನಿರ್ಧಾರದ ಗುಣಮಟ್ಟ ಇಳಿಯಿತು. ಈಜುಗಾರರಲ್ಲಿ ನೋಡಿದಾಗ 50 ಮೀಟರಿನ ಈಜಿಗೆ ಏನೂ ಆಗಲಿಲ್ಲ, 100 ಮತ್ತು 200 ಮೀಟರಿನಲ್ಲಿ ಸಮಯ ಕೆಟ್ಟಿತು. ಬಾಕ್ಸರ್‌ಗಳಲ್ಲೂ ನಿರ್ಧಾರದ ಚುರುಕು ತಗ್ಗಿತು. ಒಂದೇ ಉಸಿರಿನಲ್ಲಿ ಮುಗಿಯುವ ಜಿಗಿತ, ಎಸೆತಗಳಿಗೆ ಇದರ ಬಾಧೆ ಕಡಿಮೆ. ನೋವನ್ನು ತಾಳಿಕೊಂಡು ವೇಗವನ್ನು ಹಿಡಿದಿಟ್ಟುಕೊಳ್ಳಬೇಕಾದ ಅಥವಾ ಎದುರಾಳಿಯ ನಡೆಯನ್ನು ಕ್ಷಣದಲ್ಲಿ ಓದಬೇಕಾದ ಆಟಗಳಿಗೆ ಹೆಚ್ಚು. ನಮ್ಮ ಕಡೆಯ ಎರಡು ಮುಖ್ಯ ಆಟಗಳಾದ ಸೈಕ್ಲಿಂಗ್ ಮತ್ತು ಕುಸ್ತಿ ಈ ಎರಡನೆಯ ಬಗೆಯವು. ಎದುರಾಳಿ ತೋಳು ಬಿಟ್ಟು ಕಾಲಿಗೆ ಕೈಹಾಕುವ ಮೊದಲು ಅವನ ಹೆಗಲು ಕೊಡುವ ಸುಳಿವನ್ನು ಪೈಲ್ವಾನ ಗುರುತಿಸಬೇಕು. ಅದಕ್ಕೆ ಸಿಗುವ ಸಮಯ ಕಣ್ಣೆವೆ ಬಡಿಯುವಷ್ಟು. ಬೆಳಗಾವಿಯ ಹಳೆಯ ಗರಡಿ ಮನೆಗಳಲ್ಲಿ ಮಟ್ಟಿಗೆ (ಕುಸ್ತಿಯ ಮಣ್ಣಿನ ಕಣಕ್ಕೆ) ಇಳಿಯುವ ಮುನ್ನ ಮಾತು ಕಡಿಮೆ ಮಾಡಿಸುತ್ತಿದ್ದ ವಸ್ತಾದರಿಗೆ ಈ ಪ್ರಯೋಗಗಳು ಗೊತ್ತಿರಬೇಕಾದ ಅಗತ್ಯವೇ ಇರಲಿಲ್ಲ.

ಆ ಟೈಮ್ ಟ್ರಯಲ್ ಹುಡುಗ ಸೋತದ್ದು ಮೊಬೈಲಿನಿಂದಲೇ ಎಂದು ನಾನು ಹೇಳಲಾರೆ. ಮರಳುವಾಗ ಎದುರುಗಾಳಿ ಇತ್ತು, ಅವನು ಬೆಚ್ಚಗಾಗುವ ವ್ಯಾಯಾಮವನ್ನೂ ಸರಿಯಾಗಿ ಮಾಡಿರಲಿಲ್ಲ. ಆದರೆ ಆ ವ್ಯಾಯಾಮದ ಹೊತ್ತನ್ನು ತಿಂದದ್ದು ಯಾವುದು ಎಂಬುದನ್ನು ಕಣ್ಣಾರೆ ಕಂಡಿದ್ದೆ.

ಇನ್ನು ನಿದ್ದೆ. ತಾಲೀಮು ಸ್ನಾಯುವನ್ನು ಬೆಳೆಸುವುದಿಲ್ಲ, ಸ್ನಾಯುವಿಗೆ ಪೆಟ್ಟು ಕೊಡುತ್ತದೆ. ಬೆಳೆಸುವ ಕೆಲಸ ನಡೆಯುವುದು ಆಮೇಲಿನ ವಿಶ್ರಾಂತಿಯಲ್ಲಿ, ಅದರಲ್ಲೂ ರಾತ್ರಿಯ ಮೊದಲ ಭಾಗದ ಗಾಢ ನಿದ್ದೆಯಲ್ಲಿ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಒಸರುವುದು ಆಗಲೇ. 13ರಿಂದ 18 ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂಬುದು ಅಮೆರಿಕದ ನಿದ್ರಾ ತಜ್ಞರ ಶಿಫಾರಸು. ಪ್ರಾಯಕ್ಕೆ ಬರುವಾಗ ಶರೀರದ ಗಡಿಯಾರ ತಾನಾಗಿಯೇ ತುಸು ಹಿಂದೆ ಬೀಳುತ್ತದೆ. ಹತ್ತು ಹನ್ನೊಂದರವರೆಗೆ ನಿದ್ದೆ ಬಾರದಿರುವುದು ಆ ವಯಸ್ಸಿನ ಸಹಜ ಗುಣ, ಸೋಮಾರಿತನವಲ್ಲ. ಆದರೆ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ತಾಲೀಮು ಸೂರ್ಯ ಏರುವುದರೊಳಗೆ ಮುಗಿಯಬೇಕು, ಅಂದರೆ ನಾಲ್ಕೂವರೆ ಐದಕ್ಕೆ ಏಳಬೇಕು. ಒಂದು ತುದಿಯನ್ನು ವಯಸ್ಸು ಎಳೆದಿದೆ, ಇನ್ನೊಂದು ತುದಿಯನ್ನು ಬಿಸಿಲು ಎಳೆದಿದೆ. ನಡುವೆ ಉಳಿದ ಆರು ಗಂಟೆಯಲ್ಲಿ ಮೊಬೈಲು ಒಂದೂವರೆ ಗಂಟೆ ಕೇಳುತ್ತದೆ. ಬೇರೆ ಮಕ್ಕಳು ಏಳೂವರೆಗೆ ಎದ್ದು ಶಾಲೆಗೆ ಓಡಿ ಈ ಸಾಲವನ್ನು ಹೇಗೋ ಸರಿದೂಗಿಸಿಕೊಂಡಾರು. ಕ್ರೀಡಾಪಟುವಿಗೆ ಆ ದಾರಿಯೂ ಇಲ್ಲ.

ವಸತಿ ನಿಲಯದ ಕೋಣೆಯಲ್ಲಿ ದೀಪ ಆರಿದ ಮೇಲೆ ಚಾದರದೊಳಗಿಂದ ನೀಲಿ ಬೆಳಕು ಜಿನುಗುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಳಿಗ್ಗೆ ತರಬೇತುದಾರರು “ರಾತ್ರಿ ಎಷ್ಟಕ್ಕ ಮಕ್ಕೊಂಡಿ?” ಎಂದು ಕೇಳಿದರೆ “ಹತ್ತಕ್ಕ ಮಕ್ಕೊಂಡೀನ್ರಿ ಸರ” ಎಂಬ ಉತ್ತರ ಸಿದ್ಧವಾಗಿರುತ್ತದೆ, ಮತ್ತು ಅದು ಪೂರ್ತಿ ಸುಳ್ಳೂ ಅಲ್ಲ: ಮಲಗಿದ್ದು ಹತ್ತಕ್ಕೇ, ನಿದ್ದೆ ಹೋದದ್ದು ಹನ್ನೆರಡಕ್ಕೆ.

ಇದರ ಬೆಲೆಯನ್ನು ಅಳೆದವರಿದ್ದಾರೆ. ಲಾಸ್ ಏಂಜಲಿಸ್‌ನ ಶಾಲಾ ಕ್ರೀಡಾಪಟುಗಳು 112 ಮಂದಿಯ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 8 ಗಂಟೆಗಿಂತ ಕಡಿಮೆ ನಿದ್ದೆ ಮಾಡುವವರು ಗಾಯಗೊಂಡಿರುವ ಸಂಭವ ಉಳಿದವರಿಗಿಂತ 1.7 ಪಟ್ಟು ಇತ್ತು. ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಆಟಗಾರರಲ್ಲಿ ರಾತ್ರಿ 11ರ ನಂತರ ಟ್ವೀಟ್ ಮಾಡಿದವರ ಮರುದಿನದ ಆಟವನ್ನು ಇನ್ನೊಂದು ತಂಡ ಲೆಕ್ಕ ಹಾಕಿತು: ಅವರು ಸರಾಸರಿ ಒಂದು ಅಂಕ ಕಡಿಮೆ ಗಳಿಸಿದ್ದರು, ಗುರಿ ತಲುಪಿದ ಎಸೆತಗಳ ಪ್ರಮಾಣ 1.7 ಶೇಕಡಾ ಅಂಶದಷ್ಟು ಇಳಿದಿತ್ತು. ಕೋಟಿಗಟ್ಟಲೆ ಸಂಬಳದ, ವೈದ್ಯರಿಂದ ಅಡುಗೆಯವರವರೆಗೆ ಸಕಲರೂ ಬೆನ್ನಿಗಿರುವ ವೃತ್ತಿಪರರ ಗತಿ ಇದು.

ದಣಿವು, ನಿದ್ದೆ ಎರಡೂ ದೇಹದ ಮಾತಾಯಿತು. ನನ್ನ ಮಟ್ಟಿಗೆ ಇವೆರಡಕ್ಕಿಂತ ಆಳವಾದ ಪೆಟ್ಟು ಬೀಳುವುದು ಕ್ರೀಡಾಪಟುವಿನ ತಾಳ್ಮೆಯ ಗಡಿಯಾರಕ್ಕೆ. ಸೈಕ್ಲಿಸ್ಟಿನ ದೇಹದಲ್ಲಿ ಉಸಿರಿನ ಬಲ ಕಟ್ಟಲು ತಿಂಗಳುಗಳೇ ಬೇಕು, ಅದು ಸ್ಪರ್ಧೆಯಲ್ಲಿ ಕಾಣಲು ಕೆಲವೊಮ್ಮೆ ವರ್ಷಗಳು ಬೇಕು. ರೀಲಿಗೆ ಫಲಿತಾಂಶ ಒಂದು ಗಂಟೆಯಲ್ಲಿ ಬರುತ್ತದೆ. ಆ ಫಲವೂ ಪ್ರತಿಸಲ ಒಂದೇ ಸಮ ಬರುವುದಿಲ್ಲ. ಒಮ್ಮೆ ಇಪ್ಪತ್ತು ಲೈಕ್, ಒಮ್ಮೆ ಯಾಕೆಂದು ತಿಳಿಯದೆ ಎರಡು ಸಾವಿರ. ಯಾವಾಗ ಸಿಗುತ್ತದೆಂದು ಗೊತ್ತಿಲ್ಲದ ಬಹುಮಾನವೇ ನಡವಳಿಕೆಯನ್ನು ಅತಿ ಗಟ್ಟಿಯಾಗಿ ಅಂಟಿಸುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲಿನ ಪ್ರಯೋಗಗಳಿಂದ ದಶಕಗಳ ಹಿಂದೆಯೇ ತೋರಿಸಿದ್ದರು. ಇಸ್ಪೀಟಿನ ಅಡ್ಡೆಗೆ ದಿನವೂ ಹೋಗುವವನನ್ನು ಕಂಡಿರುವ ನಮ್ಮ ಊರಿನವರಿಗೆ ಅದನ್ನು ಪಾರಿವಾಳ ಹೇಳಿಕೊಡಬೇಕಾಗಿಯೂ ಇರಲಿಲ್ಲ.

ಇದರಿಂದ ತಾಲೀಮಿನ ಸ್ವರೂಪವೇ ಬದಲಾಗುತ್ತದೆ. ಹದವಾದ ವೇಗದಲ್ಲಿ ಮೂರು ಗಂಟೆ ಮಾತನಾಡುತ್ತ ತುಳಿಯುವುದು ಸೈಕ್ಲಿಂಗಿನ ಅಡಿಪಾಯ. ಅದನ್ನು ವಿಡಿಯೋ ಮಾಡಿದರೆ ಯಾರೂ ನೋಡುವುದಿಲ್ಲ. ಎದ್ದು ನಿಂತು ಹಾರಿಸುವ ಸ್ಪ್ರಿಂಟು, ಕೈಬಿಟ್ಟು ಓಡಿಸುವ ಚಮತ್ಕಾರ, ಲಾರಿಯ ಹಿಂದೆ ಅಂಟಿಕೊಂಡು ಹೋಗುವ ಅಪಾಯ, ಇವನ್ನು ನೋಡುತ್ತಾರೆ. ನಿಧಾನವಾಗಿ ತುಳಿಯಬೇಕಾದ ದಿನ ಹುಡುಗರು ಕ್ಯಾಮೆರಾಕ್ಕಾಗಿ ಮೂರು ಸ್ಪ್ರಿಂಟು ಹೊಡೆದು ಬರುತ್ತಾರೆ. ಸವಾರಿಯ ದೂರ, ವೇಗ ದಾಖಲಿಸಿ ಗೆಳೆಯರಿಗೆ ತೋರಿಸುವ ಸ್ಟ್ರಾವಾದಂಥ ಆ್ಯಪ್‌ಗಳು ಇನ್ನೂ ಸೂಕ್ಷ್ಮವಾಗಿ ಇದನ್ನೇ ಮಾಡುತ್ತವೆ: ಪ್ರತಿ ರಸ್ತೆಯ ತುಣುಕಿಗೂ ಒಂದು ಪಟ್ಟಿ, ಪಟ್ಟಿಯಲ್ಲಿ ಗೆಳೆಯರ ಹೆಸರು, ಹಾಗಾಗಿ ವಿಶ್ರಾಂತಿಯ ಸವಾರಿಯೂ ಗುಟ್ಟಾಗಿ ಒಂದು ರೇಸು. ಭಾನುವಾರದ ನಿಜವಾದ ರೇಸಿಗೆ ಬರುವ ಹೊತ್ತಿಗೆ ಹುಡುಗ ವಾರದಲ್ಲಿ ನಾಲ್ಕು ರೇಸು ಮುಗಿಸಿರುತ್ತಾನೆ.

ಕಾಯುವುದೂ ಆಟದ ಒಂದು ಭಾಗ ಎಂಬುದಕ್ಕೆ ನಮ್ಮ ಊರಿನದೇ ನಿದರ್ಶನವಿದೆ. ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ಮಹಿಳಾ ವಿಶ್ವಕಪ್‌ನಲ್ಲಿ ಮೊದಲ ಪಂದ್ಯಗಳಿಗೆ ಹನ್ನೊಂದರ ಬಳಗದಿಂದ ಹೊರಗಿದ್ದರು. ಸೆಮಿಫೈನಲ್ ಸೇರಲು ಗೆಲ್ಲಲೇಬೇಕಾಗಿದ್ದ ಪಂದ್ಯದಲ್ಲಿ, ಜುಲೈ 15ರಂದು ಇಂಗ್ಲೆಂಡಿನ ಡರ್ಬಿಯಲ್ಲಿ, ಅವಕಾಶ ಸಿಕ್ಕಾಗ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಉರುಳಿಸಿದರು. ಹೊರಗೆ ಕುಳಿತ ದಿನಗಳಿಗೆ ಲೈಕ್ ಬರುವುದಿಲ್ಲ. ಆ ದಿನಗಳಲ್ಲಿ ಮನಸ್ಸನ್ನು ಎಲ್ಲಿ ಇಟ್ಟಿರುತ್ತೇವೆ ಎಂಬುದರ ಮೇಲೆ ಡರ್ಬಿಯಂಥ ದಿನ ನಿಂತಿರುತ್ತದೆ.

ಹುಡುಗಿಯರ ಸಂಗತಿ ಬೇರೆಯೇ, ಅದನ್ನು ಹುಡುಗರ ಲೆಕ್ಕದೊಳಗೆ ಸೇರಿಸಿ ಮುಗಿಸಲಾಗದು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ಅವಧಿಯಲ್ಲಿ 161 ಅಥ್ಲೀಟುಗಳ ಟ್ವಿಟರ್ ಖಾತೆಗಳಿಗೆ ಬಂದ ನಿಂದನೆಯನ್ನು ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಪರಿಶೀಲಿಸಿದಾಗ, ಗುರುತಿಸಿದ ನಿಂದನೆಯಲ್ಲಿ ಶೇ 87ರಷ್ಟು ಮಹಿಳೆಯರ ಮೇಲಿತ್ತು. ನಮ್ಮಲ್ಲಿ ಇದು ಸಂಖ್ಯೆಯಾಗಿ ಬರುವುದಿಲ್ಲ, ಮನೆಬಾಗಿಲಿಗೆ ಬರುತ್ತದೆ. ಸೈಕ್ಲಿಂಗಿನ ಉಡುಪು ಮೈಗೆ ಅಂಟಿಕೊಂಡಿರುವುದು ಗಾಳಿಯ ತಡೆಯನ್ನು ಕಡಿಮೆ ಮಾಡಲು. ಅದನ್ನು ತೊಟ್ಟ ಹುಡುಗಿಯೊಬ್ಬಳು ಪದಕದೊಂದಿಗೆ ನಿಂತ ವಿಡಿಯೋವನ್ನು ಅಭಿಮಾನದಿಂದಲೇ ಯಾರೋ ಹಾಕುತ್ತಾರೆ, ಕೆಳಗೆ ಬಟ್ಟೆಯ ಬಗ್ಗೆ ನಾಲ್ಕು ಹೊಲಸು ಮಾತು ಬೀಳುತ್ತವೆ, ಅದರ ಚಿತ್ರ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಬರುತ್ತದೆ, ಸೋದರಮಾವ ಅದನ್ನು ಅವ್ವನಿಗೆ ತೋರಿಸುತ್ತಾನೆ. ಮುಂದಿನ ತಿಂಗಳು ಆ ಹುಡುಗಿ ತಾಲೀಮಿಗೆ ಬರುವುದಿಲ್ಲ. ಅವಳು ದಿನಕ್ಕೆ ಎಷ್ಟು ಗಂಟೆ ಮೊಬೈಲು ನೋಡುತ್ತಿದ್ದಳು ಎಂಬ ಪ್ರಶ್ನೆಗೆ ಇಲ್ಲಿ ಅರ್ಥವೇ ಇಲ್ಲ. ಅವಳ ಕೈಯಲ್ಲಿ ಮೊಬೈಲೇ ಇಲ್ಲದೆ ಇದ್ದಿರಬಹುದು. ಸಾಮಾಜಿಕ ಮಾಧ್ಯಮದ ಪರಿಣಾಮವನ್ನು ಬಳಕೆಯ ಗಂಟೆಗಳಿಂದ ಮಾತ್ರ ಅಳೆಯುವವರು ಈ ಹುಡುಗಿಯನ್ನು ಕಾಣುವುದೇ ಇಲ್ಲ.

ಹುಡುಗರನ್ನೂ ಜನ ಬಿಡುವುದಿಲ್ಲ. 2022ರ ಏಷ್ಯಾ ಕಪ್‌ನಲ್ಲಿ ಒಂದು ಕ್ಯಾಚ್ ಬಿಟ್ಟದ್ದಕ್ಕೆ 23ರ ವಯಸ್ಸಿನ ಅರ್ಷದೀಪ್ ಸಿಂಗ್ ಅವರ ದೇಶನಿಷ್ಠೆಯನ್ನೇ ಪ್ರಶ್ನಿಸಿದ್ದು ಎಲ್ಲರಿಗೂ ನೆನಪಿದೆ. ಹದಿಹರೆಯದವರು ತಮಗೂ ಹೀಗಾದೀತೆಂದು ಮೊದಲೇ ಅಂಜಿ ಆಡತೊಡಗಿದರೆ ಆಟದಲ್ಲಿ ಧೈರ್ಯದ ನಡೆಗಳು ಕಡಿಮೆಯಾಗುತ್ತವೆ.

ರೀಲ್ಸ್‌ಗಳು ಮಾರುವ ಪುಡಿ, ಮಾತ್ರೆಗಳ ವಿಷಯ ಚಿಕ್ಕದಾಗಿ ಹೇಳಿದರೂ ಸಾಕು. ಉದ್ದೀಪನ ಮದ್ದಿನ ನಿಯಮದಲ್ಲಿ ಕ್ರೀಡಾಪಟುವಿನ ಶರೀರದಲ್ಲಿ ಸಿಕ್ಕಿದ್ದಕ್ಕೆ ಕ್ರೀಡಾಪಟುವೇ ಹೊಣೆ. ಡಬ್ಬಿಯ ಮೇಲೆ ಬರೆದಿರಲಿಲ್ಲ, ವಿಡಿಯೋದಲ್ಲಿ ಹಾಗೆ ಹೇಳಿದರು ಎಂಬ ಸಮಜಾಯಿಷಿಯಿಂದ ತಪ್ಪು ಮುಚ್ಚಿಹೋಗುವುದಿಲ್ಲ. ಎರಡು ದಿನದಲ್ಲಿ ನಾಲ್ಕು ಕಿಲೋ ಇಳಿಸುವ ವಿದ್ಯೆಯನ್ನು ಕಲಿಸುವ ವಿಡಿಯೋಗಳು ಕುಸ್ತಿಯ ಹುಡುಗರ ಪಾಲಿಗೆ ಇನ್ನೂ ಕೆಟ್ಟವು, ಏಕೆಂದರೆ ಅಲ್ಲಿ ಇಳಿಯುವುದು ಬಹುಮಟ್ಟಿಗೆ ಮೈಯ ನೀರು.

ಇಷ್ಟೆಲ್ಲ ಹೇಳಿದ ಮೇಲೆ ಸಂಶಯದ ಬದಿಯನ್ನೂ ಇಡಬೇಕು. ಮೇಲೆ ಹೇಳಿದ ಪ್ರಯೋಗಗಳಲ್ಲಿ ಭಾಗವಹಿಸಿದವರ ಸಂಖ್ಯೆ ಚಿಕ್ಕದು. ತಲೆದಣಿವಿನ ಪರಿಣಾಮ ನಿಜಕ್ಕೂ ಎಷ್ಟು ದೊಡ್ಡದು ಎಂಬುದರ ಬಗ್ಗೆ ಸಂಶೋಧಕರಲ್ಲೇ ಚರ್ಚೆ ಇದೆ. ತಡರಾತ್ರಿ ಟ್ವೀಟ್ ಮಾಡಿದ ಆಟಗಾರನಿಗೆ ನಿದ್ದೆಗೆಡಲು ಬೇರೆ ಕಾರಣವೂ ಇದ್ದಿರಬಹುದು. ಸಾಮಾನ್ಯ ಹದಿಹರೆಯದವರ ನೆಮ್ಮದಿಯ ಬಗ್ಗೆ ಏಮಿ ಓರ್ಬೆನ್ ಮತ್ತು ಆ್ಯಂಡ್ರ್ಯೂ ಶಿಬಿಲ್‌ಸ್ಕಿ 2019ರಲ್ಲಿ ಮೂರು ದೊಡ್ಡ ಸಮೀಕ್ಷೆಗಳನ್ನು ಜಾಲಾಡಿದಾಗ, ನೆಮ್ಮದಿಯ ಏರಿಳಿತದಲ್ಲಿ ಡಿಜಿಟಲ್ ಬಳಕೆ ವಿವರಿಸುವ ಪಾಲು ಹೆಚ್ಚೆಂದರೆ ಶೇ 0.4 ಎಂದು ಕಂಡರು. ಆದರೆ ಕ್ರೀಡಾಪಟುವಿನ ಬದುಕಿನಲ್ಲಿ ‘ಚಿಕ್ಕ ಪರಿಣಾಮ’ ಎಂಬ ಮಾತಿಗೆ ಬೇರೆಯೇ ತೂಕವಿದೆ. ಟೈಮ್ ಟ್ರಯಲ್‌ನಲ್ಲಿ ಪದಕ ಪಡೆದವನಿಗೂ ಬರಿಗೈಲಿ ಮರಳಿದವನಿಗೂ ನಡುವಿನ ಅಂತರ ಕೆಲವು ಸೆಕೆಂಡು. ಉಳಿದವರ ಬದುಕಿನಲ್ಲಿ ಗಮನಕ್ಕೂ ಬಾರದ ವ್ಯತ್ಯಾಸದ ಮೇಲೆ ಇವರ ಹಾಸ್ಟೆಲ್ ಸೀಟು, ಮುಂದೆ ರೈಲ್ವೆಯಲ್ಲೋ ಸೇನೆಯಲ್ಲೋ ಸಿಗಬಹುದಾದ ನೌಕರಿ ನಿಂತಿರುತ್ತದೆ.

ಹಾಗೆಂದು ಮೊಬೈಲನ್ನು ಕಸಿದುಕೊಂಡರೆ ಮುಗಿಯಿತೆ? ಆಯ್ಕೆ ಟ್ರಯಲ್ಸ್‌ನ ಸೂಚನೆ ಬರುವುದು ವಾಟ್ಸ್‌ಆ್ಯಪ್‌ನಲ್ಲಿ. ಯುರೋಪಿನ ಸೈಕ್ಲಿಸ್ಟ್ ತಿರುವಿನಲ್ಲಿ ಮೈಯನ್ನು ಹೇಗೆ ಬಾಗಿಸುತ್ತಾನೆ ಎಂಬುದನ್ನು ಇಂಡಿ ತಾಲ್ಲೂಕಿನ ಹುಡುಗ ಕಲಿಯುವುದು ಯೂಟ್ಯೂಬಿನಲ್ಲಿ. ಲಕ್ಷಗಟ್ಟಲೆ ಬೆಲೆಯ ಸೈಕಲ್ಲಿಗೆ ದಾನಿಗಳು ಸಿಗುವುದೂ ಒಮ್ಮೊಮ್ಮೆ ಒಂದು ವಿಡಿಯೋದಿಂದಲೇ. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ 16 ತುಂಬದವರಿಗೆ ಸಾಮಾಜಿಕ ಮಾಧ್ಯಮದ ಖಾತೆಯನ್ನು ನಿಷೇಧಿಸಿದೆ. ಆದರೆ ನಿಲಯದ ಕೋಣೆಯ ಸಮಸ್ಯೆಗೆ ಕಾನೂನು ತೀರ ದೂರದ ಮದ್ದು.

2016ರ ರಿಯೊ ಒಲಿಂಪಿಕ್ಸ್‌ಗೆ ಮುನ್ನ ಪಿ.ವಿ. ಸಿಂಧು ಅವರ ಫೋನನ್ನು ತರಬೇತುದಾರ ಗೋಪಿಚಂದ್ ಸುಮಾರು ಮೂರು ತಿಂಗಳು ತೆಗೆದಿಟ್ಟಿದ್ದರು. ಬೆಳ್ಳಿ ಗೆದ್ದ ಮೇಲೆ ಮೊದಲು ಮಾಡುವ ಕೆಲಸ ಅದನ್ನು ಮರಳಿ ಕೊಡುವುದು ಎಂದರು. ಈ ಕಥೆಯನ್ನು ನಮ್ಮಲ್ಲಿ ಹಿರಿಯರು ಅರ್ಧ ಮಾತ್ರ ಹೇಳುತ್ತಾರೆ, ಕಸಿದುಕೊಂಡ ಅರ್ಧ. ಆಗ ಸಿಂಧು ಅವರಿಗೆ 21 ವರ್ಷ, ಗುರಿ ಯಾವುದೆಂದು ಗೊತ್ತಿತ್ತು, ದಿನ ನಿಗದಿಯಾಗಿತ್ತು, ಫೋನು ಮರಳಿ ಸಿಗುತ್ತದೆಂಬ ಭರವಸೆಯಿತ್ತು. ಹದಿನಾರರ ಹುಡುಗನಿಂದ ಕಾರಣ ಹೇಳದೆ ಕಿತ್ತುಕೊಂಡರೆ ಅವನು ಎರಡನೆಯ ಮೊಬೈಲು ಹುಡುಕುತ್ತಾನೆ, ಅಷ್ಟೆ.

ನಾನು ಕಂಡ ಒಬ್ಬ ತರಬೇತುದಾರರು ಬೇರೆ ದಾರಿ ಹಿಡಿದಿದ್ದರು. ಪ್ರತಿ ಹುಡುಗನಿಗೂ ಒಂದು ಇನ್ನೂರು ಪುಟದ ನೋಟುಬುಕ್ಕು. ತಾಲೀಮು ಮುಗಿದ ಕೂಡಲೇ ‘ಎಷ್ಟು ಭಾರ ಅನ್ನಿಸಿತು’ ಎಂದು 6ರಿಂದ 20ರೊಳಗೆ ಒಂದು ಅಂಕಿ ಬರೆಯಬೇಕು. ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ ಅಳತೆ ಇದು: 6 ಎಂದರೆ ಶ್ರಮವೇ ಇಲ್ಲ, 20 ಎಂದರೆ ಇನ್ನು ಸಾಧ್ಯವೇ ಇಲ್ಲ. ಅದರ ಪಕ್ಕದಲ್ಲಿ ಹಿಂದಿನ ರಾತ್ರಿ ಮೊಬೈಲು ಕೆಳಗಿಟ್ಟ ಹೊತ್ತು. ಬೈಗುಳವಿಲ್ಲ, ದಂಡವಿಲ್ಲ. ಆರು ವಾರದ ನಂತರ ಒಬ್ಬ ಹುಡುಗ ತಾನಾಗಿಯೇ ಪುಟ ತಿರುವಿ ತೋರಿಸಿದ: ಅದೇ ರಸ್ತೆ, ಅದೇ ದೂರ, ಹತ್ತಕ್ಕೆ ಮೊಬೈಲು ಇಟ್ಟ ದಿನಗಳಲ್ಲಿ 13, ಹನ್ನೆರಡು ದಾಟಿದ ದಿನಗಳಲ್ಲಿ 16. ಇದು ಶಾಸ್ತ್ರಕ್ಕೆ ಒಪ್ಪುವ ಪುರಾವೆಯಲ್ಲ, ತನ್ನ ಅಂಕಿಯನ್ನು ತಾನೇ ಬರೆದುಕೊಂಡಿದ್ದ. ಆದರೂ ಬ್ಯಾಂಗರ್‌ನ 754 ಮತ್ತು 640ಕ್ಕಿಂತ ಆ 13 ಮತ್ತು 16 ಅವನಿಗೆ ಹೆಚ್ಚು ನಾಟಿದ್ದವು.

ರಾತ್ರಿ ಮೊಬೈಲುಗಳು ಸ್ಟೀಲಿನ ಡಬ್ಬಿಗೆ ಹೋಗಬೇಕೆಂದಾಗ ಎಲ್ಲರೂ ಒಡ್ಡಿದ ತಕರಾರು ಒಂದೇ: “ಸರ, ಅಲಾರಾಂಗೆ ಬೇಕಲ್ರಿ.” ತರಬೇತುದಾರರು ಮರುದಿನ ಬಜಾರದಿಂದ ನೆತ್ತಿಯ ಮೇಲೆ ಎರಡು ಪುಟ್ಟ ಗಂಟೆಗಳಿರುವ ಹಳೆ ಮಾದರಿಯ, ಚಾವಿ ಕೊಡುವ ಅಲಾರಾಂ ಗಡಿಯಾರವೊಂದನ್ನು ತಂದು ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ಚಾವಿ ಕೊಡುವ ಸರದಿಗೆ ಗೋಡೆಯ ಮೇಲೆ ಒಂದು ಪಟ್ಟಿ ಅಂಟಿಸಿದ್ದಾರೆ. ನಾನು ಹೋದ ದಿನ ಸರದಿ ಆ ಟೈಮ್ ಟ್ರಯಲ್ ಹುಡುಗನದಾಗಿತ್ತು. ಒಂಬತ್ತೂ ಮುಕ್ಕಾಲಿಗೆ ಅವನು ಡಬ್ಬಿಯ ಮುಚ್ಚಳ ಹಾಕಿ, ಗಡಿಯಾರವನ್ನು ಕಿವಿಗೆ ಹಿಡಿದು ಸದ್ದು ಕೇಳಿ, ನಾಲ್ಕೂ ನಲವತ್ತಕ್ಕೆ ಮುಳ್ಳು ತಿರುಗಿಸಿದ.